ಮಗನ ಜೇಬಲ್ಲಿ ಗಾಂಜಾ: ಪೊಲೀಸರಿಗೆ ಹೇಳಲೇ, ಡಾಕ್ಟರಿಗೆ ಹೇಳಲೇ?

ಮಾದಕ ವಸ್ತು, ಕಾಯಿದೆ, ಚಿಕಿತ್ಸೆ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ತಿಂಗಳು ಕೇಳಿದ್ದೆವು. ಚೀಲದ ತುಂಬ ಪತ್ರ ಬಂದಿವೆ. ಅರ್ಧಕ್ಕರ್ಧ ಪತ್ರಗಳಲ್ಲಿ ಹೆಸರೇ ಇಲ್ಲ. ಇಲ್ಲದಿದ್ದರೂ ಪರವಾಗಿಲ್ಲ. ನಾನು ಸರಕಾರಿ ಆಸ್ಪತ್ರೆಯೊಂದರ ಮಾನಸಿಕ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದು ನಿವೃತ್ತಳಾದವಳು. ಡಾಕ್ಟರಲ್ಲ, ಲಾಯರೂ ಅಲ್ಲ. ಮಾತ್ರೆ ಬರೆದುಕೊಡಿ ಅಂದವರಿಗೆ ಇಲ್ಲಿ ಉತ್ತರ ಸಿಗುವುದಿಲ್ಲ.

ಮೇಡಂ, ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ರಜೆಗೆ ಬಂದಾಗ ಒಗೆಯಲು ಹಾಕಿದ ಜೀನ್ಸ್ ಪ್ಯಾಂಟಿನ ಜೇಬಲ್ಲಿ ಒಣ ಸೊಪ್ಪಿನ ಪೊಟ್ಟಣ ಸಿಕ್ಕಿತು. ಗಾಂಜಾ ಅಂತ ಅವನೇ ಒಪ್ಪಿಕೊಂಡ. ನಮ್ಮ ಮನೆಯವರು ಪೊಲೀಸರಿಗೆ ಒಪ್ಪಿಸ್ತೀನಿ ಅಂತಾರೆ. ನನ್ನ ತಮ್ಮ ಸುಮ್ನಿರಿ ಅಂತಾನೆ. ಸರಕಾರಿ ಆಸ್ಪತ್ರೆಗೆ ಹೋದರೆ ಅವರೇ ಪೊಲೀಸರಿಗೆ ತಿಳಿಸಿಬಿಡ್ತಾರಂತೆ, ಹೌದಾ?
— ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಇಲ್ಲ ತಾಯೀ. ಚಿಕಿತ್ಸೆಗೆ ಬಂದವರನ್ನು ಹಿಡಿದುಕೊಡುವುದು ಆಸ್ಪತ್ರೆಯ ಕೆಲಸ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಮದ್ಯ, ಮಾದಕ ವಸ್ತುವಿನಿಂದ ಬರುವ ಮಾನಸಿಕ ತೊಂದರೆಗಳನ್ನೂ ಸೇರಿಸಿದ್ದಾರೆ. ಅಲ್ಲಿ ಹೇಳಿಕೊಂಡದ್ದನ್ನು ಗುಟ್ಟಾಗಿ ಇಡಬೇಕು ಅನ್ನುವುದು ರೋಗಿಯ ಹಕ್ಕು. ಕೋರ್ಟ್ ಕೇಳಿದರೆ, ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ ಮಾತು ಬೇರೆ. ನಿಮ್ಮ ಮಗನದ್ದು ಅಂಥದ್ದೇನೂ ಅಲ್ಲ.

ಇನ್ನೊಂದು ವಿಷಯ ನಿಮ್ಮ ಮನೆಯವರಿಗೆ ಓದಿ ಹೇಳಿ. ಮಾದಕ ವಸ್ತುಗಳ ಕಾಯಿದೆಯನ್ನು ಎಲ್ಲರೂ ಎನ್‌ಡಿಪಿಎಸ್ ಅನ್ನುತ್ತಾರಲ್ಲ, ಅದರಲ್ಲಿ 64ಎ ಅಂತ ಒಂದು ಕಲಂ ಇದೆ. ಸೇದಿದ್ದಕ್ಕೆ ಅಥವಾ ಸಣ್ಣ ಪ್ರಮಾಣದಲ್ಲಿ ಇಟ್ಟುಕೊಂಡಿದ್ದಕ್ಕೆ ಕೇಸಾದ ವ್ಯಸನಿಗಳು ತಾವಾಗಿಯೇ ಸರಕಾರಿ ಆಸ್ಪತ್ರೆಗೋ ಸರಕಾರದ ಮಾನ್ಯತೆ ಇರುವ ಕೇಂದ್ರಕ್ಕೋ ಹೋಗಿ ಚಿಕಿತ್ಸೆ ತೆಗೆದುಕೊಂಡರೆ ಆ ತಪ್ಪಿಗೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆಯೂ ಹೋಗಬಹುದು. ಈ ಕಲಂ ಬಗ್ಗೆ ಪೊಲೀಸ್ ಠಾಣೆಯ ಗೋಡೆ ಮೇಲೆ ಬರೆದದ್ದನ್ನು ನಾನಂತೂ ಎಲ್ಲೂ ನೋಡಿಲ್ಲ. 'ಡ್ರಗ್ಸ್ ತೆಗೆದುಕೊಂಡರೆ ಜೈಲು' ಅನ್ನುವ ಬೋರ್ಡು ಮಾತ್ರ ಎಲ್ಲ ಕಾಲೇಜಿನ ಗೇಟಲ್ಲೂ ಇದೆ.

ಹಾಗಂತ ಹಗುರಾಗಿ ತೆಗೆದುಕೊಳ್ಳಬೇಡಿ. ಗಾಂಜಾಕ್ಕೆ 1 ಕೆಜಿವರೆಗೆ ಸಣ್ಣ ಪ್ರಮಾಣ ಅಂತ ಲೆಕ್ಕ. ಜೇಬಿನ ಪೊಟ್ಟಣ ಅದರೊಳಗೇ ಬರುತ್ತೆ, ಆದರೂ ಅದು ಅಪರಾಧವೇ. ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸ್ನೇಹಿತರಿಗೆ ತಂದುಕೊಟ್ಟ ಅಂತಾದರೆ ಮಾರಾಟದ ಕೇಸು ಬೀಳಬಹುದು. ಎಷ್ಟೋ ಹುಡುಗರು ಸಿಕ್ಕಿಬೀಳುವುದು ಇಲ್ಲೇ. ನಾಲ್ಕು ಜನರ ದುಡ್ಡು ಒಟ್ಟು ಮಾಡಿ ಒಬ್ಬ ತರುತ್ತಾನೆ, ಅವನ ಫೋನಿನಲ್ಲಿ ಮೂವರ ಗೂಗಲ್ ಪೇ ಇರುತ್ತೆ.

ಮತ್ತೆ, ಆ ಪೊಟ್ಟಣವನ್ನು ಡಾಕ್ಟರಿಗೆ ತೋರಿಸಲು ತರಬೇಡಿ. ಒಬ್ಬ ತಾಯಿ ಸ್ಟೀಲ್ ಡಬ್ಬಿಯಲ್ಲಿಟ್ಟು, ಮೇಲೆ ಅವಲಕ್ಕಿ ಮುಚ್ಚಿ, ಎರಡು ಬಸ್ ಬದಲಾಯಿಸಿ ನಮ್ಮಲ್ಲಿಗೆ ತಂದಿದ್ದರು. ದಾರಿಯಲ್ಲಿ ತಪಾಸಣೆ ಆಗಿದ್ದರೆ ಕೇಸು ಆ ತಾಯಿ ಮೇಲೆ ಆಗುತ್ತಿತ್ತು. ಕಾಯಿದೆ ನೋಡುವುದು ಯಾರ ಕೈಲಿ ಇತ್ತು ಅಂತ.

ಮೊದಲು ಮಗನನ್ನು ಒಬ್ಬನೇ ಕೂರಿಸಿಕೊಂಡು ಎಷ್ಟು ದಿನದಿಂದ, ದಿನಾ ಬೇಕಾ, ವಾರಕ್ಕೊಮ್ಮೆಯಾ ಅಂತ ಕೇಳಿ. ಒಂದೆರಡು ಸಲ ಸೇದಿದವರೆಲ್ಲ ವ್ಯಸನಿಗಳಾಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬೇಕು, ನಿದ್ದೆ ಬರಲ್ಲ, ಯಾರೋ ತನ್ನ ಬಗ್ಗೆ ಮಾತಾಡ್ತಾರೆ ಅಂತ ಅನುಮಾನ, ಹೀಗೇನಾದರೂ ಇದ್ದರೆ ತಡ ಮಾಡಬೇಡಿ. ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಬನ್ನಿ. ಅಪ್ಪನೂ ಜೊತೆಗೆ ಬರಲಿ. ಬೈಯಲು ಅಲ್ಲ, ಕೇಳಿಸಿಕೊಳ್ಳಲು.

ನಮ್ಮ ಕಡೆ ತಿಂಥಿಣಿ ಮೌನೇಶ್ವರ ಜಾತ್ರೆಯಲ್ಲಿ ಸಾಧುಗಳು ಚಿಲುಮೆ ಸೇದುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಯಾರೂ ಅದನ್ನು ಅಪರಾಧ ಅಂದವರಿಲ್ಲ. ಇದು ಯಾವಾಗ ಜೈಲಿಗೆ ಹಾಕುವ ವಿಷಯ ಆಯಿತು? ಅಮೆರಿಕದವರು ಹೇಳಿದ್ದಕ್ಕೆ ನಾವು ಕಾಯಿದೆ ಮಾಡಿದೆವು ಅನ್ನುತ್ತಾರೆ, ನಿಜವೇ?
— ನಿವೃತ್ತ ಶಿಕ್ಷಕರು, ಸುರಪುರ

ಮೇಷ್ಟ್ರೇ, ದಿನಾಂಕವೇ ಬೇಕು ಅಂದರೆ 1985ರ ನವೆಂಬರ್ 14. ಮಕ್ಕಳ ದಿನಾಚರಣೆಯ ದಿನವೇ ಎನ್‌ಡಿಪಿಎಸ್ ಕಾಯಿದೆ ಜಾರಿಗೆ ಬಂತು. ಆಗಸ್ಟ್ ಕೊನೆಯಲ್ಲಿ ಲೋಕಸಭೆಗೆ ಬಂದ ಮಸೂದೆಗೆ ಸೆಪ್ಟೆಂಬರ್ 16ಕ್ಕೆ ರಾಷ್ಟ್ರಪತಿಗಳ ಸಹಿಯೂ ಬಿದ್ದಿತ್ತು. ಇಷ್ಟು ದೊಡ್ಡ ಕಾಯಿದೆ ಮೂರೂವರೆ ವಾರದಲ್ಲಿ ಮುಗಿದುಹೋಯಿತು.

ಅದಕ್ಕೆ ಮುಂಚೆ ಅಫೀಮು, ಗಾಂಜಾ ಎರಡೂ ಅಬಕಾರಿ ಬಾಬತ್ತು. ಲೈಸೆನ್ಸ್ ಅಂಗಡಿಗಳಿದ್ದವು, ಸರಕಾರಕ್ಕೆ ಆದಾಯ ಇತ್ತು. 1857 ಮತ್ತು 1878ರ ಅಫೀಮು ಕಾಯಿದೆ, 1930ರ ಅಪಾಯಕಾರಿ ಔಷಧ ಕಾಯಿದೆ ಇದ್ದರೂ ಶಿಕ್ಷೆ ಹೆಚ್ಚೆಂದರೆ 3 ವರ್ಷ. ಇನ್ನೊಮ್ಮೆ ಸಿಕ್ಕಿಬಿದ್ದರೆ 4.

ನಿಮ್ಮಂಥ ಓದುವವರಿಗೆ ಇಷ್ಟವಾಗುವ ಕತೆ ಒಂದಿದೆ. ಗಾಂಜಾದಿಂದ ಭಾರತದಲ್ಲಿ ಜನಕ್ಕೆ ಹುಚ್ಚು ಹಿಡೀತಿದೆ ಅಂತ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಗಲಾಟೆ ಆಯಿತು. 1893ರಲ್ಲಿ ಒಂದು ಆಯೋಗ ಮಾಡಿದರು. ಏಳು ಜನ ಸದಸ್ಯರು, ಅದರಲ್ಲಿ ಮೂವರು ಭಾರತೀಯರು. 1,193 ಸಾಕ್ಷಿಗಳನ್ನು ಕೇಳಿದರು. ಆಮೇಲೆ ಹುಚ್ಚಾಸ್ಪತ್ರೆಗಳ ಕಡತ ತೆಗೆಸಿದರು. ಎಷ್ಟೋ ರೋಗಿಗಳ ಮುಂದೆ 'ಕಾರಣ: ಗಾಂಜಾ' ಅಂತಿತ್ತು. ಬರೆದವರು ಯಾರು ಅಂತ ಹಿಂದೆ ಹೋದರೆ ಡಾಕ್ಟರಲ್ಲ, ರೋಗಿಯನ್ನು ತಂದುಬಿಟ್ಟ ಪೊಲೀಸರು! ಫಾರಂನಲ್ಲಿ ಕಾರಣ ಅಂತ ಒಂದು ಜಾಗ ಖಾಲಿ ಇತ್ತು, ಏನಾದರೂ ತುಂಬಬೇಕಿತ್ತು, ತುಂಬಿದರು. ನಾನು ಕೇಸ್ ಫೈಲ್ ಬರೆದೇ ಜೀವನ ಕಳೆದವಳು. ಆ ಖಾಲಿ ಜಾಗದ ಕಾಟ ಏನು ಅಂತ ನನಗೆ ಚೆನ್ನಾಗಿ ಗೊತ್ತು. ಮಿತವಾಗಿ ಬಳಸಿದರೆ ಹೆಚ್ಚು ಕೆಡುಕಿಲ್ಲ, ಅತಿಯಾದರೆ ಕೆಡುಕು, ಪೂರ್ತಿ ನಿಷೇಧ ಬೇಡ, ತೆರಿಗೆ ಲೈಸೆನ್ಸಿನಿಂದ ಹತೋಟಿಯಲ್ಲಿಡಿ ಅಂತ 1894ರಲ್ಲಿ ವರದಿ ಕೊಟ್ಟರು.

ಅಮೆರಿಕದ ವಿಷಯ. ಒತ್ತಡ ಇದ್ದದ್ದು ನಿಜ, ಆದರೆ ಬರೀ ಅದೇ ಅಲ್ಲ. 1961ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಆಯಿತು. ಗಾಂಜಾ ಸೇದುವ ಪದ್ಧತಿ ಇದ್ದ ದೇಶಗಳಿಗೆ ಅದನ್ನು ನಿಲ್ಲಿಸಲು 25 ವರ್ಷ ಗಡುವು ಕೊಟ್ಟರು. ನಾವೂ ಸಹಿ ಹಾಕಿದ್ದೆವು. ಎಲೆಯನ್ನು ಮಾತ್ರ ಒಪ್ಪಂದದ ಗಾಂಜಾ ವ್ಯಾಖ್ಯೆಯಿಂದ ಬಿಟ್ಟರು. ಹಾಗಾಗಿ ಇವತ್ತಿಗೂ ನಮ್ಮ ಕಾಯಿದೆಯಲ್ಲಿ ಹೂವು ಕಾಯಿಯ ತುದಿ ಗಾಂಜಾ, ಬರೀ ಎಲೆ ಗಾಂಜಾ ಅಲ್ಲ. ಉತ್ತರ ಭಾರತದಲ್ಲಿ ಈ ಎಲೆಯಿಂದ ಮಾಡುವ ಭಂಗಿಯ ಅಂಗಡಿಗೆ ಸರಕಾರವೇ ಲೈಸೆನ್ಸ್ ಕೊಡುತ್ತೆ. ಅದೇ ಗಿಡದ ತುದಿ ಜೇಬಲ್ಲಿದ್ದರೆ ಕೇಸು. ಗಡುವು ಹತ್ತಿರ ಬರುವ ಹೊತ್ತಿಗೇ ಅತ್ತ ಪಾಕಿಸ್ತಾನ–ಅಫ್ಘಾನಿಸ್ತಾನದ ಕಡೆಯಿಂದ, ಇತ್ತ ಬರ್ಮಾ ಕಡೆಯಿಂದ ಅಫೀಮಿನಿಂದಲೇ ಮಾಡುವ ಹೆರಾಯಿನ್ ನಮ್ಮ ದೇಶದ ಮೂಲಕ ಹರಿಯಲು ಶುರುವಾಗಿತ್ತು. ದೆಹಲಿ, ಮುಂಬೈ ಬೀದಿಗಳಿಗೆ ಬ್ರೌನ್ ಶುಗರ್ ಅನ್ನುವ ಕಲಬೆರಕೆ ಹೆರಾಯಿನ್ ಬಂದಿತ್ತು. ಹೆದರಿಕೆ ಸುಳ್ಳಲ್ಲ.

ನನ್ನ ತಕರಾರು ಇರುವುದು ಆಮೇಲೆ ಮಾಡಿದ್ದರ ಬಗ್ಗೆ. ಮಾರಾಟ, ಸಾಗಾಟ ಅಂತ ಕೇಸಾದರೆ ಎಷ್ಟು ಸಿಕ್ಕಿತು ಅನ್ನುವ ಲೆಕ್ಕವೇ ಇಲ್ಲ, ಗಾಂಜಾ ಬಿಟ್ಟು ಹೆಚ್ಚಿನವಕ್ಕೆ ಕನಿಷ್ಠ 10 ವರ್ಷ ಅಂತ ಬರೆದರು. ನನ್ನ ಬಳಕೆಗೆ ಅಂತ ಸಾಬೀತು ಮಾಡುವ ಹೊಣೆ ಸಿಕ್ಕಿಬಿದ್ದವನದು. ದೊಡ್ಡ ಕುಳಕ್ಕೆ ಲಾಯರ್ ಇರುತ್ತಾನೆ. ಫುಟ್‌ಪಾತ್ ಮೇಲೆ ಸೇದುವವನಿಗೆ ಯಾರಿದ್ದಾರೆ? 1989ರಲ್ಲಿ ಬೇಲ್ ಇನ್ನೂ ಬಿಗಿ ಮಾಡಿದರು, ಕೆಲವು ಅಪರಾಧಕ್ಕೆ ಎರಡನೇ ಸಲ ಸಿಕ್ಕರೆ ಗಲ್ಲು ಕಡ್ಡಾಯ ಅಂದರು. ಗಲ್ಲು ಕಡ್ಡಾಯ ಅನ್ನುವುದನ್ನು 2011ರಲ್ಲಿ ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ, ನಡುವಿನದ್ದು ಅಂತ ಶಿಕ್ಷೆ ಬೇರೆ ಬೇರೆ ಮಾಡಿದ್ದು 2001ರಲ್ಲಿ. ಅಲ್ಲಿಗೆ 16 ವರ್ಷ ಆಗಿಹೋಗಿತ್ತು.

ಫಲ ಏನು? 2019ರಲ್ಲಿ ಕೇಂದ್ರ ಸರಕಾರ ದೆಹಲಿಯ ಏಮ್ಸ್ ಮೂಲಕ ಮಾಡಿಸಿದ ದೇಶದ ಸಮೀಕ್ಷೆ ಹೊರಬಂತು. ಅದರ ಪ್ರಕಾರ ಅಫೀಮು ಬಳಸುವವರು ಶೇ 0.52, ಹೆರಾಯಿನ್ ಶೇ 1.14. ಅಜ್ಜಂದಿರ ಅಫೀಮನ್ನು ಹೆರಾಯಿನ್ ಹಿಂದೆ ಹಾಕಿತು. ಕಾಯಿದೆಯೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲದಕ್ಕೂ ಒಂದೇ ಹಿಡಿತ ಅಂದಾಗ ಮಾರುವವನು ಯಾವುದನ್ನು ಮಾರುತ್ತಾನೆ? ಬಚ್ಚಿಡಲು ಸುಲಭ, ತೂಕ ಕಡಿಮೆ, ಲಾಭ ಜಾಸ್ತಿ ಇರುವುದನ್ನು. ಮೂಟೆಗಟ್ಟಲೆ ಸೊಪ್ಪು ಹೊರುವ ಬದಲು ಬೆಂಕಿಪೊಟ್ಟಣದಷ್ಟು ಪುಡಿ ಸಾಕಲ್ಲ.

ಅಮ್ಮನಿಗೆ ಗರ್ಭಕೋಶದ ಕ್ಯಾನ್ಸರ್, ಕೊನೆಯ ಹಂತ. ರಾತ್ರಿಯಿಡೀ ನೋವಿಂದ ಕೂಗ್ತಾರೆ. ಇಲ್ಲಿನ ಡಾಕ್ಟರು ಮಾರ್ಫಿನ್ ಇಲ್ಲಿ ಸಿಗಲ್ಲ, ಅದು ಡ್ರಗ್ಸ್, ಚಟ ಹಿಡಿಯುತ್ತೆ ಅಂದರು. ನಿಜವಾ?
— ಮಗ, ಹಾಸನ ಜಿಲ್ಲೆ

ತಮ್ಮಾ, ನಿನ್ನ ಪತ್ರ ಓದಿ ಬೇಜಾರಾಯಿತು. ನಮ್ಮ ಮಾದಕ ವಸ್ತು ನೀತಿಯ ತೀರಾ ಕೆಟ್ಟ ಪರಿಣಾಮ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಮಾರ್ಫಿನ್ ಅಫೀಮಿನಿಂದಲೇ ಬರುವುದು. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಸರಕಾರದ ಲೈಸೆನ್ಸಿನಲ್ಲಿ ಗಸಗಸೆ ಬೆಳೆಯುತ್ತಾರೆ. ನೀಮಚ್ ಮತ್ತು ಗಾಜಿಪುರದಲ್ಲಿ ಸರಕಾರದ್ದೇ ಕಾರ್ಖಾನೆ ಇದೆ. ಪರದೇಶಕ್ಕೂ ಕಳಿಸುತ್ತೇವೆ. ಆದರೆ 1985ರ ಕಾಯಿದೆ ಬಂದ ಮೇಲೆ ಒಂದು ಆಸ್ಪತ್ರೆ ಮಾರ್ಫಿನ್ ಇಡಬೇಕಾದರೆ ಅಬಕಾರಿ, ಔಷಧ ನಿಯಂತ್ರಣ ಅಂತ ಹಲವು ಲೈಸೆನ್ಸ್ ಬೇಕಾಯಿತು. ಕೊನೆಯದು ಕೈಗೆ ಬರುವ ಹೊತ್ತಿಗೆ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಗುಮಾಸ್ತರ ಲೆಕ್ಕದಲ್ಲಿ ಒಂದು ತಪ್ಪಾದರೂ 10 ವರ್ಷದ ಭಯ. ಆಸ್ಪತ್ರೆಗಳು ಇದರ ಸಹವಾಸವೇ ಬೇಡ ಅಂತ ಕೈಬಿಟ್ಟವು. 1997ರ ಹೊತ್ತಿಗೆ ಇಡೀ ದೇಶದ ಬಳಕೆ ವರ್ಷಕ್ಕೆ ಬರೀ 18 ಕೆಜಿಗೆ ಇಳಿದಿತ್ತು. ಕಾಯಿದೆಗೆ ಮುಂಚೆ ಇದ್ದದ್ದರಲ್ಲಿ ಹತ್ತನೇ ಒಂದು ಪಾಲೂ ಅಲ್ಲ. ಒಂದು ತಲೆಮಾರಿನ ಡಾಕ್ಟರುಗಳು ಮಾರ್ಫಿನ್ ಚೀಟಿ ಬರೆಯದೆಯೇ ಓದು ಮುಗಿಸಿದರು. ನಿನಗೆ ಉತ್ತರ ಕೊಟ್ಟವರೂ ಅವರಲ್ಲೊಬ್ಬರು ಇರಬೇಕು.

ನೋವು ಶಮನದ ವೈದ್ಯರಾದ ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರಂಥವರು ವರ್ಷಗಟ್ಟಲೆ ಓಡಾಡಿದ ಮೇಲೆ 2014ರಲ್ಲಿ ಕಾಯಿದೆ ತಿದ್ದಿದರು. ಈಗ ಮಾನ್ಯತೆ ಪಡೆದ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು.

ನೋವಿರುವ ಕ್ಯಾನ್ಸರ್ ರೋಗಿಗೆ ಡಾಕ್ಟರು ಅಳತೆ ನೋಡಿ ಮಾರ್ಫಿನ್ ಕೊಟ್ಟರೆ ಚಟದ ಪ್ರಶ್ನೆ ಬಹಳ ಮಟ್ಟಿಗೆ ಬರುವುದೇ ಇಲ್ಲ. ಮಲಬದ್ಧತೆ ಬರುತ್ತೆ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೊಡುತ್ತಾರೆ. ಸಾಮಾನ್ಯ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ನೋವು ಬಂದ ಮೇಲೆ ಕೊಡೋಣ ಅಂತ ಕಾಯಬಾರದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಕೊನೆಯ ಹಂತದ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯದಲ್ಲಿ ಇದನ್ನೇ ದಿನಾ ಮಾಡುವವರಿದ್ದಾರೆ. 'ಪ್ಯಾಲಿಯೇಟಿವ್ ಕೇರ್', ಅಂದರೆ ನೋವು ಕಡಿಮೆ ಮಾಡುವ ಆರೈಕೆ, ಎಲ್ಲಿದೆ ಅಂತ ಕೇಳು. ಅಮ್ಮನನ್ನು ಹೊತ್ತುಕೊಂಡು ಹೋಗುವುದಕ್ಕೆ ಮುಂಚೆ ಫೈಲ್ ಹಿಡಿದುಕೊಂಡು ನೀನೊಬ್ಬನೇ ಹೋಗಿ ಮಾತಾಡು. ಈ ವಾರವೇ ಹೋಗು.

ಯಜಮಾನರ ಕುಡಿತ ಬಿಡಿಸಲು ಊರಾಚೆಯ ಒಂದು ಸೆಂಟರಿಗೆ ಸೇರಿಸಿದ್ದೆವು. ಮೂರು ತಿಂಗಳು, ಬಂಗಾರ ಅಡವಿಟ್ಟು ದುಡ್ಡು ಕಟ್ಟಿದೆ. ತಲೆ ಬೋಳಿಸಿದ್ದರು, ಹೊಡೆದಿದ್ದರು, ಮೊದಲ ದಿನಗಳಲ್ಲಿ ಕಾಲಿಗೆ ಸರಪಳಿ. ಮನೆಗೆ ಬಂದು ವಾರದಲ್ಲೇ ಮತ್ತೆ ಕುಡಿದರು. ಇನ್ನು ಏನು ಮಾಡಲಿ ಅಕ್ಕಾ?
— ಕೊಪ್ಪಳ ಜಿಲ್ಲೆಯ ಓದುಗರು

ನೀವು ಸೇರಿಸಿದ್ದು ಆಸ್ಪತ್ರೆಗೆ ಅಲ್ಲ ತಂಗೀ. ಸರಪಳಿ ಹಾಕುವುದನ್ನು 2017ರ ಕಾಯಿದೆ ಸ್ಪಷ್ಟವಾಗಿ ನಿಷೇಧಿಸಿದೆ. ಇಂಥ ಕೇಂದ್ರ ನಡೆಸಲು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಬೇಕು. ರೋಗಿಗೆ ಒಪ್ಪಿಗೆ ಕೊಡುವ ಸ್ಥಿತಿ ಇಲ್ಲದಾಗ ಮನೆಯವರ ಕೋರಿಕೆ ಮೇಲೆ ಸೇರಿಸಿಕೊಳ್ಳಬಹುದು, ಅದೂ ಮೊದಲಿಗೆ 30 ದಿನದವರೆಗೆ ಮಾತ್ರ, ಡಾಕ್ಟರು ಪರೀಕ್ಷಿಸಿದ ಮೇಲೆ. ಮೂರು ತಿಂಗಳ ಪ್ಯಾಕೇಜು ಅಂತ ಏನೂ ಇಲ್ಲ. ನಿಮ್ಮ ಜಿಲ್ಲೆಗೆ ಸಂಬಂಧಿಸಿದ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ದೂರು ಬರೆಯಬಹುದು. ರಸೀದಿ ಇದ್ದರೆ ಜೋಪಾನ ಮಾಡಿ.

ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತೆ ಅಂತ ಎಲ್ಲರಿಗೂ ತಿಳಿದಿರಬೇಕು. ಮೊದಲ ದಿನ ಕೈ ನಡುಕ, ಬೆವರು. ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಇಲ್ಲದ್ದು ಕಾಣುತ್ತೆ, ಗೋಡೆ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ. ಹೊದಿಕೆಯ ಅಂಚನ್ನು ಕಿತ್ತು ಕಿತ್ತು ನೋಡುತ್ತಾರೆ, ಹಾಸಿಗೆ ಮೇಲೆ ಕೂತೇ ಬೀಡಿ ಹಚ್ಚುವಂತೆ ಬರಿಗೈ ಆಡಿಸುತ್ತಾರೆ. ನಮ್ಮ ವಾರ್ಡಿನ ಆಯಾಗಳು ಇದನ್ನು ನೋಡಿದ ಕೂಡಲೇ ಓಡಿ ಬಂದು ನರ್ಸಿಗೆ ಹೇಳುತ್ತಿದ್ದರು. ಯಾಕೆಂದರೆ ಇದರಲ್ಲಿ ಜೀವ ಹೋಗಬಹುದು. ಸರಿಯಾದ ಕಡೆ ಈ ಕೆಲವು ದಿನಕ್ಕೆ ನಡುಕ ತಡೆಯುವ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು ದಾಟಿಸುತ್ತಾರೆ. ಇದನ್ನು ಸರಪಳಿ ಹಾಕಿ ದಾಟಿಸಲು ಹೋದರೆ ಕೆಲವರು ದಾಟುವುದಿಲ್ಲ.

ಆ ಹಂತ ಮುಗಿದ ಮೇಲೆ ನಿಜವಾದ ಚಿಕಿತ್ಸೆ ಶುರು. ಆಸೆ ಕಡಿಮೆ ಮಾಡುವ ಮಾತ್ರೆ, ಮಾತುಕತೆ, ತಿಂಗಳಿಗೊಮ್ಮೆ ಬಂದು ಹೋಗುವುದು, ಕುಡಿತ ಬಿಡುವವರೇ ಕೂಡಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆ. ನಡುವೆ ಒಂದೆರಡು ಸಲ ಜಾರುತ್ತಾರೆ. ಶುಗರ್ ಇರುವವರು ಮದುವೆಮನೆ ಹೋಳಿಗೆ ತಿಂದು ಮತ್ತೆ ಡಾಕ್ಟರ ಹತ್ತಿರ ಬರುತ್ತಾರಲ್ಲ, ಹಾಗೆ. ಜಾರಿದ ಮರುದಿನವೇ ಕರೆದುಕೊಂಡು ಬರುವುದು ಮುಖ್ಯ. ನಿಮ್ಮ ಯಜಮಾನರಿಗೆ ಇದುವರೆಗೆ ಚಿಕಿತ್ಸೆಯೇ ಆಗಿಲ್ಲ. ಹಾಗಾಗಿ ಚಿಕಿತ್ಸೆ ಫಲಿಸಲಿಲ್ಲ ಅಂದುಕೊಳ್ಳಬೇಡಿ. ಜಿಲ್ಲಾಸ್ಪತ್ರೆಯಿಂದ ಶುರು ಮಾಡಿ, ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಹೋಗಿ. ಬಂಗಾರ ಅಡವಿಡುವಷ್ಟು ಖರ್ಚು ಬರುವುದಿಲ್ಲ.

ಸಾರಾಯಿ ನಿಷೇಧ ಆದಾಗ ಸಂತೋಷಪಟ್ಟೆವು. ಈಗ ನಮ್ಮೂರ ಕಿರಾಣಿ ಅಂಗಡಿಯಲ್ಲೂ ವಿಸ್ಕಿ ಪ್ಯಾಕೆಟ್ ಸಿಗುತ್ತೆ. ಮಾರುವುದೂ ಸರಕಾರ, ಬಿಡಿಸುವ ಶಿಬಿರಕ್ಕೆ ದುಡ್ಡು ಕೊಡುವುದೂ ಸರಕಾರ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದಂತಲ್ಲವೇ?
— ಸ್ವಸಹಾಯ ಸಂಘದ ಸದಸ್ಯೆಯರು, ಸಿಂಧನೂರು

ಹೌದು, ಹಾಗೇ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ ಬದಲಾಯಿತು. ಈಗ ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30 ಸಾವಿರ ಕೋಟಿ ದಾಟಿದೆ. ಅದನ್ನು ಬಿಡುತ್ತೇನೆ ಅನ್ನುವ ಹಣಕಾಸು ಮಂತ್ರಿ ಯಾವ ಪಕ್ಷದಲ್ಲೂ ಇಲ್ಲ. ನಿಮ್ಮ ರಾಯಚೂರು ಕಡೆಯ ಹೆಣ್ಣುಮಕ್ಕಳೂ ಸೇರಿ ಸಾವಿರಾರು ಜನ 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರಲ್ಲ, ಏನು ಸಿಕ್ಕಿತು ಅಂತ ನಿಮಗೇ ಗೊತ್ತು.

ಏಮ್ಸ್ ಸಮೀಕ್ಷೆಯಲ್ಲಿ ನನಗೆ ಮರೆಯದ ಅಂಕಿ ಒಂದಿದೆ. ಕುಡಿತಕ್ಕೆ ಅಡಿಯಾಳಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಪೂರ್ತಿ ನಿಷೇಧ ಕೇಳುವುದು ನಿಮ್ಮ ಹಕ್ಕು. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಕಳ್ಳಭಟ್ಟಿ ಕುಡಿದು ಕಣ್ಣು ಕಳೆದುಕೊಂಡವರನ್ನು ನೋಡಿದ್ದೇನೆ. ಆದರೆ ಕಿರಾಣಿ ಅಂಗಡಿಗೆ ಲೈಸೆನ್ಸ್ ಇಲ್ಲ, ಅದು ಈಗಿನ ಕಾಯಿದೆಯಲ್ಲೇ ಅಪರಾಧ. ಅದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಪ್ರತಿ ಇಟ್ಟುಕೊಂಡು ಅಬಕಾರಿ ಕಚೇರಿಗೆ ಕೊಡಿ. ಜೊತೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ವೈದ್ಯರು ಯಾವ ದಿನ ಬರುತ್ತಾರೆ ಅಂತಲೂ ಕೇಳಿ.

ಹೆರಾಯಿನ್ ಚುಚ್ಚಿಕೊಳ್ಳುವವರಿಗೆ ಸರಕಾರವೇ ದಿನಾ ಇನ್ನೊಂದು ಮಾತ್ರೆ ಕೊಡುತ್ತಂತೆ. ಇದು ಯಾವ ಚಿಕಿತ್ಸೆ?
— ನರ್ಸಿಂಗ್ ವಿದ್ಯಾರ್ಥಿನಿ, ಮಂಗಳೂರು

ಬ್ಯುಪ್ರೆನಾರ್ಫಿನ್ ಅಂತ. ನಾಲಿಗೆ ಕೆಳಗೆ ಇಟ್ಟು, ಕರಗುವವರೆಗೆ ಸಿಬ್ಬಂದಿ ಎದುರಿಗೇ ಇರುತ್ತಾರೆ. ಕೆಲವು ಕಡೆ ಮೆಥಡೋನ್ ದ್ರವ ಕೊಡುತ್ತಾರೆ. ಮಣಿಪುರದಲ್ಲಿ ಒಂದೇ ಸೂಜಿಯನ್ನು ಹಲವರು ಬಳಸಿ ಎಚ್‌ಐವಿ ಹರಡಿದಾಗ ಲಾಠಿಯಿಂದ ಏನೂ ಆಗಲಿಲ್ಲ. ಈ ಮಾತ್ರೆಯಿಂದ ಸೂಜಿ ಬಿಡುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಕಳ್ಳತನ ಬೇಕಾಗುವುದಿಲ್ಲ. ಏಡ್ಸ್ ನಿಯಂತ್ರಣ ಸಂಸ್ಥೆ 2007–08ರಿಂದ ಇದನ್ನು ತನ್ನ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿದೆ. ಎರಡು ಮೂರು ವರ್ಷ ತೆಗೆದುಕೊಳ್ಳಬೇಕಾದರೆ ತೆಗೆದುಕೊಳ್ಳಲಿ. ಬಿಪಿ ಮಾತ್ರೆ ಎಷ್ಟು ವರ್ಷ ಅಂತ ಯಾರೂ ಕೇಳುವುದಿಲ್ಲ ಅಲ್ವಾ?

ಕುಡುಕರಿಗೆ ಗೊತ್ತಾಗದಂತೆ ಸಾರಿನಲ್ಲಿ ಹಾಕುವ ಪುಡಿ ಮೆಡಿಕಲ್ ಸ್ಟೋರಿನಲ್ಲಿ ಕೊಟ್ಟಿದ್ದಾರೆ. ಹಾಕಬಹುದಾ?
— ಹೆಸರು ಬೇಡ

ಬೇಡ. ಅದು ಹೆಚ್ಚಾಗಿ ಡೈಸಲ್ಫಿರಾಂ ಇರುತ್ತೆ. ಗೊತ್ತಿದ್ದು ತೆಗೆದುಕೊಂಡವರಿಗೆ ಒಳ್ಳೆಯ ಮಾತ್ರೆ, ಕುಡಿದರೆ ಏನಾಗುತ್ತೆ ಅಂತ ತಿಳಿದು ಹುಷಾರಾಗಿರುತ್ತಾರೆ. ಗೊತ್ತಿಲ್ಲದೆ ಮೇಲೆ ಒಂದು ಕ್ವಾರ್ಟರ್ ಹಾಕಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಹೃದಯ ನಿಲ್ಲಬಹುದು. ಈಗಾಗಲೇ ಹಾಕಿದ್ದರೆ ನಿಲ್ಲಿಸಿ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು, ಹಾಗಾಗಿ ಅವರಿಗೆ ವಿಷಯ ಹೇಳಲೇಬೇಕು. ಹೇಗೆ ಹೇಳುವುದು ಅಂತ ಭಯ ಇದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ವ್ಯಸನಕ್ಕೇ ಮೀಸಲಾದ ಇನ್ನೊಂದು ನಂಬರು 14446. ಫೋನ್ ಮಾಡುವಾಗ ಆ ಪುಡಿಯ ಪ್ಯಾಕೆಟ್ ಕೈಯಲ್ಲಿಟ್ಟುಕೊಳ್ಳಿ, ಮೇಲೆ ಬರೆದಿರುವ ಹೆಸರು ಕೇಳುತ್ತಾರೆ.